ಬಲ್ಲದು, ಬಹುದು, ಬೇಕು

ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಯ ವಿದ್ಯಾರ್ಥಿಯನ್ನು ಇಂಗ್ಲಿಷ್ ವ್ಯಾಕರಣದಲ್ಲಿ ಕಾಡುವುದು ಉದ್ದುದ್ದದ ಶಬ್ದಗಳಲ್ಲ. ಕ್ಯಾನ್, ಮೇ, ಮಸ್ಟ್, ಷಲ್ ಎಂಬ ಗಿಡ್ಡ ಸಹಾಯಕ್ರಿಯೆಗಳು. ನಿಘಂಟನ್ನು ತೆರೆದರೆ ಕ್ಯಾನ್ ಎಂದರೂ ‘ಬಹುದು’, ಮೇ ಎಂದರೂ ‘ಬಹುದು’. ಅರ್ಥ ಒಂದೇ ಆದರೆ ಶಬ್ದಗಳೆರಡೇಕೆ? ಇದಕ್ಕೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ಅದು ನಮ್ಮ ಮನೆಮಾತಿನಲ್ಲಿಯೇ ಇದೆ.

ಅಜ್ಜಂಪುರ ಅಮೃತಮಹಲ್ ರಾಸುಗಳಿಗೆ ಹೆಸರಾದ ಊರು. ‘ಈ ಎತ್ತು ಭಾರದ ಗಾಡಿಯನ್ನು ಎಳೆಯಬಲ್ಲದು’ ಎಂದಾಗ ಶಕ್ತಿ ಎತ್ತಿನಲ್ಲಿದೆ, ಅಲ್ಲಿ ಕ್ಯಾನ್. ‘ನೀನಿನ್ನು ಗಾಡಿ ಹೂಡಬಹುದು’ ಎಂದು ಯಜಮಾನ ಹೇಳಿದರೆ ಅದು ಶಕ್ತಿಯ ಮಾತಲ್ಲ, ಅಪ್ಪಣೆಯ ಮಾತು, ಅಲ್ಲಿ ಮೇ. ಆಡುಮಾತಿನ ಇಂಗ್ಲಿಷಿನಲ್ಲಿ ಅಪ್ಪಣೆಗೂ ಕ್ಯಾನ್ ಸಲ್ಲುತ್ತದೆಂಬುದು ನಿಜ. ಬರವಣಿಗೆಯ ಗಾಂಭೀರ್ಯ ಮಾತ್ರ ಮೇ ಶಬ್ದವನ್ನೇ ಬಯಸುತ್ತದೆ. ಕ್ಯಾನ್ ಶಬ್ದದ ಮೂಲಾರ್ಥವೂ ‘ಅರಿ’ ಎಂದೇ. ನಮ್ಮ ‘ಬಲ್ಲೆ’ಯಲ್ಲಿ ಅರಿವು ಮತ್ತು ಸಾಮರ್ಥ್ಯ ಎರಡೂ ಕೂಡಿರುವಂತೆ, ದೂರದ ಆ ಭಾಷೆಯಲ್ಲಿಯೂ ಅರಿವೇ ಸಾಮರ್ಥ್ಯವಾಗಿ ಬೆಳೆಯಿತು. ವಿಲ್ ಎಂಬುದರ ಮೂಲದಲ್ಲಿ ಇಚ್ಛೆಯಿದೆ. ಷಲ್ ಎಂಬುದರ ಮೂಲದಲ್ಲಿ ತೀರಿಸಬೇಕಾದ ಋಣವಿದೆ.

ಊಹೆಯ ವಿಷಯದಲ್ಲಿ ಎರಡು ಭಾಷೆಗಳ ಸಾಮ್ಯ ಇನ್ನೂ ಸ್ವಾರಸ್ಯವಾದುದು. ಬೀರೂರು ಜಂಕ್ಷನ್ನಿನಲ್ಲಿ ಒಂದು ಹಳಿ ತರೀಕೆರೆಯ ಕಡೆಗೂ ಇನ್ನೊಂದು ಅಜ್ಜಂಪುರದ ಕಡೆಗೂ ಅಗಲುತ್ತವೆ. ಅಲ್ಲಿ ಬೆಂಗಳೂರಿನ ಕಡೆಯ ರೈಲಿಗಾಗಿ ಕಾದು ಕುಳಿತವನು, ‘ಅದು ಕಡೂರು ಬಿಟ್ಟಿರಬಹುದು’ ಎಂದರೆ ಮೇ. ಸುತ್ತಲಿನವರು ಗಂಟುಮೂಟೆ ಎತ್ತಿಕೊಳ್ಳುವುದನ್ನು ಕಂಡು ‘ಬಿಟ್ಟಿರಬೇಕು’ ಎಂದರೆ ಮಸ್ಟ್. ‘ಇಷ್ಟು ಬೇಗ ಬಿಟ್ಟಿರಲಾರದು’ ಎಂದರೆ ಕ್ಯಾನಾಟ್. ಇಷ್ಟು ಸೂಕ್ಷ್ಮವನ್ನು ದಿನವೂ ಆಡುವ ನಾಲಗೆಗೆ ಇಂಗ್ಲಿಷಿನ ಸೂಕ್ಷ್ಮ ಅಸಾಧ್ಯವೇನಲ್ಲ.

ಆದರೆ ನಿಷೇಧದ ಬಳಿ ಎಚ್ಚರ ಬೇಕು. ‘ಬೇಕು’ ಎಂದರೆ ಮಸ್ಟ್ ಎಂದು ಕಲಿತ ಹುಡುಗನು ‘ತಾವು ಬರಬೇಕಾಗಿಲ್ಲ’ ಎಂಬುದಕ್ಕೆ ಮಸ್ಟ್ ನಾಟ್ ಎಂದು ಬರೆದಾನು. ಓದಿದವನಿಗೆ ಅದು ‘ತಾವು ಬರಕೂಡದು’ ಎಂದಾಗುತ್ತದೆ. ಹಿರಿಯರಿಗೆ ಶ್ರಮ ತಪ್ಪಿಸಹೊರಟ ಸೌಜನ್ಯವು ಬಾಗಿಲು ಮುಚ್ಚಿದ ಅವಮಾನವಾಗಿ ಮುಟ್ಟುತ್ತದೆ. ಅಲ್ಲಿ ಬೇಕಾದದ್ದು ನೀಡ್ ನಾಟ್.

ಇದು ಕೇವಲ ಪರೀಕ್ಷೆಯ ಅಂಕಗಳ ಪ್ರಶ್ನೆಯೆಂದು ಭಾವಿಸಲಾಗದು. 1963ರಲ್ಲಿ ಸಂಸತ್ತಿನ ಮುಂದೆ ಬಂದ ಅಧಿಕೃತ ಭಾಷಾ ಮಸೂದೆಯಲ್ಲಿ, 1965ರ ಅನಂತರವೂ ಹಿಂದಿಯ ಜೊತೆಗೆ ಇಂಗ್ಲಿಷಿನ ಬಳಕೆ ಮುಂದುವರಿಯಬಹುದು ಎಂಬಲ್ಲಿ ಇದ್ದ ಶಬ್ದ ಮೇ. ಮುಂದುವರಿಯಬಹುದಾದದ್ದು ನಿಲ್ಲಲೂಬಹುದಲ್ಲವೇ ಎಂಬ ಶಂಕೆಯೆದ್ದಿತು. ಷಲ್ ಎಂದಿರಲಿ ಎಂಬ ಬೇಡಿಕೆ ಬಂದಿತು. ಈ ಸಂದರ್ಭದಲ್ಲಿ ಎರಡರ ಅರ್ಥವೂ ಒಂದೇ ಎಂಬುದು ಪ್ರಧಾನಿ ನೆಹರೂ ಅವರ ಸಮಾಧಾನ. ಶಂಕೆ ಅಡಗಲಿಲ್ಲ. 1965ರಲ್ಲಿ ಮದರಾಸು ರಾಜ್ಯದಲ್ಲಿ ಭಾಷೆಯ ಕಿಚ್ಚು ಹೊತ್ತಿ ಪ್ರಾಣಗಳು ಹೋದವು. 1967ರ ತಿದ್ದುಪಡಿಯ ಮುಖ್ಯ ಉಪಬಂಧಗಳಲ್ಲಿ ಷಲ್ ಬಂದು ಕುಳಿತಿತು. ನಮ್ಮ ಶಾಸನಗಳ ಕನ್ನಡವು ‘ಮಾಡಬಹುದು’, ‘ಮಾಡತಕ್ಕದ್ದು’ ಎಂದು ಬೇರೆ ಬೇರೆಯಾಗಿ ಬರೆಯುವುದೂ ಇದೇ ಕಾರಣದಿಂದ.

ಆದುದರಿಂದ ಉಪಾಧ್ಯಾಯರು ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಮೊದಲು ಒಂದು ಪ್ರಶ್ನೆ ಕೇಳಲಿ: ಇಲ್ಲಿರುವುದು ಶಕ್ತಿಯೋ, ಅಪ್ಪಣೆಯೋ, ಕರ್ತವ್ಯವೋ, ಊಹೆಯೋ? ಹುಡುಗ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದನೆಂದರೆ ಇಂಗ್ಲಿಷಿನ ಶಬ್ದವನ್ನು ತಾನೇ ಆರಿಸಿಕೊಳ್ಳಬಲ್ಲನು.