ಬಾಲದಿಂದ ಸುಳಿಯವರೆಗೆ

ಮೈಸೂರಿನ ಲಷ್ಕರ್ ಮೊಹಲ್ಲಾದ ಹೆಸರಿನಲ್ಲೇ ದಂಡಿದೆ. ಪಾರಸಿಯಲ್ಲಿ ಲಷ್ಕರ್ ಎಂದರೆ ಸೈನ್ಯ. ದಂಡೆಂದ ಮೇಲೆ ಕುದುರೆ, ಕುದುರೆಯೆಂದ ಮೇಲೆ ಕಡಲಾಚೆಯ ವ್ಯವಹಾರ. ವಿಜಯನಗರದ ಕಾಲದಲ್ಲಿ ಹೊರ್ಮುಜ್‌ನ ಕುದುರೆಗಳು ಭಟ್ಕಳ, ಗೋವೆಗಳಲ್ಲಿ ಇಳಿಯುತ್ತಿದ್ದವು. ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ದೊರೆ ಸಾಳುವ ನರಸಿಂಹ ಪೂರ್ತಿ ಬೆಲೆ ಕೊಡುತ್ತಿದ್ದನೆಂದು 16ನೇ ಶತಮಾನದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಆ ಬಾಲವನ್ನೇ ಕುದುರೆ ಪ್ರಯಾಣದ ಮೊದಲ ದಾಖಲೆಯೆಂದು ನಾನು ಎಣಿಸುತ್ತೇನೆ. ಅದು ವ್ಯಾಪಾರಿಯ ನಷ್ಟ ತುಂಬಿಕೊಟ್ಟಿತು, ಕುದುರೆ ಯಾವ ರೋಗಕ್ಕೆ ಸತ್ತಿತೆಂದು ಮಾತ್ರ ಹೇಳಲಿಲ್ಲ. ರೋಗದ ಪ್ರಶ್ನೆಗೆ ಬ್ರಿಟಿಷ್ ಇಂಡಿಯಾ 1899ರಲ್ಲಿ ಗ್ಲಾಂಡರ್ಸ್ ಮತ್ತು ಫಾರ್ಸಿ ಕಾಯಿದೆ ಮಾಡಿತು. ಗ್ಲಾಂಡರ್ಸ್ ಎಂಬ ಈ ಕುದುರೆರೋಗ ಮನುಷ್ಯರಿಗೂ ಅಂಟುತ್ತದೆ. ಇಂದಿನ ಅಶ್ವ ಪಾಸ್‌ಪೋರ್ಟ್‌ನಲ್ಲಿ ಲಸಿಕೆಯ ವಿವರ, ಮೈಕ್ರೋಚಿಪ್ ಸಂಖ್ಯೆಗಳ ಜೊತೆ ಮೈಮೇಲಿನ ಸುಳಿಗಳನ್ನೂ ಗುರುತು ಹಾಕುತ್ತಾರೆ. ಹಿಂದಿನವರು ಸುಳಿ ನೋಡಿ ಒಡೆಯನ ಅದೃಷ್ಟ ಹೇಳಿದರು. ಪಶುವೈದ್ಯರು ಅದೇ ಸುಳಿಯಿಂದ, ರಕ್ತದ ವರದಿ ಈ ಕುದುರೆಯದೇ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ.

ಕುದುರೆ ಗಡಿ ದಾಟಲು ಇಷ್ಟೊಂದು ತಪಾಸಣೆ ಏಕೆ, ಇದರಿಂದ ನಮ್ಮ ಸವಾರರೇ ಸೋಲುತ್ತಿಲ್ಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಬೆಂಗಳೂರಿನ ಸವಾರ ಫವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸ್‌ಗೆ ಜರ್ಮನಿಯಲ್ಲಿದ್ದು ಅಭ್ಯಾಸ ಮಾಡಬೇಕಾಯಿತು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಡ್ರೆಸಾಜ್ ಸವಾರರ ತಂಡ ಚಿನ್ನ ಗೆದ್ದದ್ದೂ ಯುರೋಪಿನಲ್ಲಿ ಸಾಕಿದ ಕುದುರೆಗಳ ಮೇಲೆ. ಆದರೂ ತಪಾಸಣೆ ಸಡಿಲಿಸಿ ಎನ್ನಲು ಮನಸ್ಸು ಒಪ್ಪುವುದಿಲ್ಲ. 2007ರಲ್ಲಿ ಸಿಡ್ನಿಯ ಕ್ವಾರಂಟೈನ್ ಕೇಂದ್ರದಿಂದ ಕುದುರೆ ಜ್ವರ ಹೊರಬಿದ್ದು ಆಸ್ಟ್ರೇಲಿಯದ ರೇಸುಗಳೇ ನಿಂತುಹೋದವು. ಅಲ್ಲಿ ಕಟ್ಟುನಿಟ್ಟಿನ ಕಾಗದಪತ್ರವೆಲ್ಲ ಇತ್ತು, ಕೇಂದ್ರದೊಳಗಿನ ಕೆಲಸದಲ್ಲಿ ಬಿರುಕಿತ್ತು. ನಮ್ಮ ತೊಡಕೂ ನಿಯಮದ ಹೆಚ್ಚಳದಿಂದ ಬಂದದ್ದಲ್ಲ, ಇಲ್ಲಿನ ಕುದುರೆ ನಿರೋಗಿ ಎಂದರೆ ಹೊರದೇಶ ನಂಬುವಂಥ ಜಾಗ ನಮ್ಮಲ್ಲಿರಲಿಲ್ಲ. ಅಂಥ ಜಾಗ ಈಗ ಮೀರತ್‌ನಲ್ಲಿದೆ: ಸೇನೆಯ ಪಶುವೈದ್ಯಕೀಯ ಕೇಂದ್ರದ ಅಶ್ವರೋಗಮುಕ್ತ ಆವರಣಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ 2025ರ ಜುಲೈನಲ್ಲಿ ಮಾನ್ಯತೆ ಕೊಟ್ಟಿತು.

ಇದು ಉಳ್ಳವರ ಆಟದ ಗೋಳು, ನಮಗೇನು ಎನ್ನುವವರಿಗೆ ಮೈಸೂರಿನ ಟಾಂಗಾಗಳೇ ಉತ್ತರ. ಗ್ಲಾಂಡರ್ಸ್ ತಗಲಿದ ಕುದುರೆಯನ್ನು ಕೊಲ್ಲಲೇಬೇಕು; ಟಾಂಗಾದವನಿಗೆ ಆ ಕುದುರೆಯೇ ಒಪ್ಪೊತ್ತಿನ ಅನ್ನ. ಮೀರತ್‌ನ ಬೇಲಿಯೊಳಗಿನ ಕುದುರೆಗೆ ಸಿಗುವ ರಕ್ತಪರೀಕ್ಷೆ ಮೈಸೂರಿನ ಅಶೋಕ ರಸ್ತೆಯಲ್ಲಿ ನಿಂತ ಟಾಂಗಾ ಕುದುರೆಗೂ ಬಿಟ್ಟಿಯಾಗಿ, ವರ್ಷವರ್ಷವೂ ಸಿಗಬೇಕು.