ಸರತಿಯಲ್ಲಿ ಅರಳುವ ಊರು

ಮಾರ್ಚ್ ಬಂತೆಂದರೆ ಬೆಂಗಳೂರಿನ ಬೀದಿಬದಿ ನಿಲ್ಲಿಸಿದ ಆಟೋಗಳ ತಲೆ ಮೇಲೆಲ್ಲ ಜಕರಾಂಡದ ನೇರಳೆ ಹೂ. ಅದು ಮುಗಿಯುವಷ್ಟರಲ್ಲಿ ಹೊಂಗೆಯ ಸರದಿ. ಮರದಡಿ ಯಾರೋ ಅರಳು ಚೆಲ್ಲಿ ಹೋದಂತಿರುತ್ತದೆ. ಆಮೇಲೆ ಗುಲ್‌ಮೊಹರ್.

ಈ ಸರತಿ ತಾನಾಗಿಯೇ ಆದದ್ದಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಗುಸ್ಟಾವ್ ಹರ್ಮನ್ ಕ್ರುಂಬಿಗಲ್, ಒಂದು ಮರ ಹೂ ಉದುರಿಸುವಾಗ ಇನ್ನೊಂದು ಅರಳುವಂತೆ ಬೀದಿ ಬೀದಿಗೆ ಮರ ಆರಿಸಿದರು. ಚಿತ್ರಕಾರನಿಗೆ ಬಣ್ಣ ಮಾತ್ರ ಗೊತ್ತಿದ್ದರೆ ಸಾಕು. ಇವರಿಗೆ ಕ್ಯಾಲೆಂಡರೂ ಗೊತ್ತಿರಬೇಕಿತ್ತು!

ಜಕರಾಂಡ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರ್‌ನದು. ಹೊಂಗೆಯೊಂದೇ ನಮ್ಮ ನೆಲದ್ದು. ಆದರೂ ಗುಲ್‌ಮೊಹರ್ ಹೂವನ್ನೊಮ್ಮೆ ಅಂಗೈಲಿಟ್ಟು ನೋಡಬೇಕು: ಐದು ಎಸಳಲ್ಲಿ ನಾಲ್ಕು ಕೆಂಪು, ಐದನೆಯದರ ಮೇಲೆ ಬಿಳಿ ಹಳದಿ ಗೆರೆ. ಅದರ ಉದ್ದನೆಯ ಒಣಕಾಯಿ ಹಿಡಿದು ಕತ್ತಿವರಸೆ ಆಡದ ಮಕ್ಕಳೇ ಇರಲಿಲ್ಲ.

ರಸ್ತೆ ಅಗಲವಾಗುವಾಗ ಮೊದಲು ಬೀಳುವುದು ಇವೇ ಮರಗಳು. ಬದಲಿಗೆ ಸಸಿ ನೆಟ್ಟರೂ ನೆರಳಿಗೆ ದಶಕಗಳು ಬೇಕು.

ಕ್ರುಂಬಿಗಲ್ 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಲಾಲ್‌ಬಾಗಿನ ಪಕ್ಕದ ರಸ್ತೆಯೊಂದಕ್ಕೆ ಅವರ ಹೆಸರಿದೆ.