ಪರವಾನಗಿ ಪುಸ್ತಕದ ‘.32’ ಯಾವುದು?

ಪುಣೆಯ ಬಂದೂಕಿನ ಅಂಗಡಿಯಲ್ಲಿ ಪಿಸ್ತೂಲಿನ ಗುಂಡು ಕೇಳಿದರೆ ಹೊರಬರುವುದು ಬಹುತೇಕ ಒಂದೇ ಅಳತೆ: ಪಾಯಿಂಟ್ 32. ಹೊರದೇಶಗಳಲ್ಲಿ ಪೊಲೀಸರು, ಸೈನಿಕರು ಹೆಚ್ಚಾಗಿ ಬಳಸುವುದು 9 ಮಿ.ಮೀ. ಗುಂಡು. ಅಲ್ಲಿ .32 ಎಂದರೆ ಅಜ್ಜನ ಕಾಲದ ಜೇಬು ಪಿಸ್ತೂಲಿನ ಸರಕು. ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿ, 1899ರಲ್ಲಿ ಬೆಲ್ಜಿಯಂನಲ್ಲಿ ಬಳಕೆಗೆ ಬಂದದ್ದು. ನಮ್ಮಲ್ಲಿ ಮಾತ್ರ ಅದು ಇನ್ನೂ ಚಲಾವಣೆಯಲ್ಲಿರುವ ನಾಣ್ಯ. ಇಲ್ಲಿ ವಕೀಲಿ ಮಾಡುವ ನನ್ನ ಮೇಜಿಗೆ ಆಗಾಗ ಪರವಾನಗಿ ಕಾಗದಗಳು ಬರುತ್ತವೆ. ನನಗೂ ಗುಂಡಿಗೂ ನಂಟು ಅಷ್ಟೇ.

.32 ಉಳಿದದ್ದು ತನ್ನ ಗುಣದಿಂದಲ್ಲ, ಕಾನೂನಿನಿಂದ. 1962ರ ಶಸ್ತ್ರಾಸ್ತ್ರ ನಿಯಮಗಳು ಸೇನೆಯ 9 ಮಿ.ಮೀ. ಮತ್ತು .45 ಗುಂಡು ಹಾರಿಸಬಲ್ಲ ಪಿಸ್ತೂಲುಗಳನ್ನೂ, .380 ಮತ್ತು .455 ರಿವಾಲ್ವರುಗಳನ್ನೂ ನಿಷೇಧಿತ ವರ್ಗಕ್ಕೆ ಸೇರಿಸಿದವು. ಸರ್ಕಾರಿ ಉಗ್ರಾಣದ ಗುಂಡು ಖಾಸಗಿ ಪಿಸ್ತೂಲಿಗೆ ಹೊಂದಬಾರದು ಎಂಬ ಲೆಕ್ಕ. ಸರ್ಕಾರಿ ಕಾರ್ಖಾನೆಯ ‘ಅಶನಿ’ ಪಿಸ್ತೂಲು ಕೂಡ .32.

ಇಟಲಿಯಲ್ಲೂ ಬಹುಕಾಲ ನಾಗರಿಕರಿಗೆ ಸೇನೆಯ 9x19 ಸಿಗುತ್ತಿರಲಿಲ್ಲ. ತಯಾರಕರು ಹಿತ್ತಾಳೆ ಕೊಳವೆಯನ್ನು 2 ಮಿ.ಮೀ. ಉದ್ದ ಮಾಡಿ 9x21 ಎಂಬ ಹೊಸ ಗುಂಡನ್ನೇ ಹುಟ್ಟಿಸಿದರು. ತುದಿಯನ್ನು ಅಷ್ಟೇ ಒಳಗೆ ಕೂರಿಸಿದ್ದರಿಂದ ಒಟ್ಟು ಉದ್ದ ಹೆಚ್ಚುಕಡಿಮೆ ಮೊದಲಿನಷ್ಟೇ, ಪೆಟ್ಟೂ ಅಷ್ಟೇ. ಕಾನೂನಿನ ಕಣ್ಣಿಗೆ ಮಾತ್ರ ಬೇರೆ! ಮೆಕ್ಸಿಕೊದಲ್ಲಿ .45 ಸೇನೆಗೆ ಮೀಸಲಾಗಿ, 1929ರ ‘.38 ಸೂಪರ್’ ಜನರ ಕೈಗೆ ಬಂತು.

.32ರ ತುದಿಯ ತೂಕ ಸುಮಾರು 4.6 ಗ್ರಾಂ, ಶಕ್ತಿ 9 ಮಿ.ಮೀ.ನ ಅರ್ಧಕ್ಕಿಂತ ಕಡಿಮೆ. ಒತ್ತಡ ಕಡಿಮೆಯಾದ್ದರಿಂದ ನಳಿಗೆಗೆ ಬೀಗದ ಏರ್ಪಾಡು ಬೇಡ. ಸ್ಲೈಡಿನ ತೂಕ, ಒಂದು ಸ್ಪ್ರಿಂಗು ಸಾಕು. ಒಂದೇ ಕಿರಿಕಿರಿ: ಬುಡದ ಅಂಚು ಕೂದಲೆಳೆಯಷ್ಟು ಹೊರಚಾಚಿದೆ. ಮ್ಯಾಗಜಿನ್‌ನಲ್ಲಿ ಮೇಲಿನ ಗುಂಡಿನ ಅಂಚು ಕೆಳಗಿನದರ ಹಿಂದೆ ಸಿಕ್ಕಿಕೊಂಡರೆ ಪಿಸ್ತೂಲು ಕೆಲಸ ನಿಲ್ಲಿಸುತ್ತದೆ.

ಕಳೆದ ವರ್ಷ ಪುಣೆಯಲ್ಲಿ ನೌಕರಿಯಲ್ಲಿರುವ ಎಂಜಿನಿಯರ್ ಒಬ್ಬರು ಧಾರವಾಡದ ಮನೆಯಿಂದ ಫೋನ್ ಮಾಡಿದರು. ತಂದೆ ತೀರಿಕೊಂಡು ತಿಂಗಳಾಗಿರಲಿಲ್ಲ. ಬೀರುವಿನಲ್ಲಿ ಪರವಾನಗಿ ಇದ್ದ .32 ಪಿಸ್ತೂಲು, ಡಬ್ಬಿಯಲ್ಲಿ ಐದು ಗುಂಡು. “ಸರ, ನಾಳೆ ವಿಮಾನ ಐತಿ. ಗುಂಡಷ್ಟು ಬ್ಯಾಗಿನ್ಯಾಗ ತರ್ಲೇನ್ರಿ, ನೀವು ನೋಡ್ತೀರೇನು?”

“ಬ್ಯಾಡ್ರಿ. ಟಿಕೆಟ್ ರದ್ದು ಮಾಡ್ರಿ. ಡಬ್ಬಿಯೊಳಗಿದ್ದಂಗ ಬುಡದ ಫೋಟೊ ತೆಗದು ಕಳಸ್ರಿ” ಎಂದೆ.

ಮೂರರ ಬುಡದಲ್ಲಿ .32 ಎಂದಿತ್ತು. ಉಳಿದ ಎರಡರಲ್ಲಿ 9 ಮಿ.ಮೀ. ತಂದೆಯ ಗೆಳೆಯರೊಬ್ಬರು ಸೇನೆಯಲ್ಲಿದ್ದರಂತೆ. ತಾಯಿಗೆ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ನಿಷೇಧಿತ ಆಯುಧ ಅಥವಾ ಮದ್ದುಗುಂಡಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆ 7 ವರ್ಷ. ವಿಮಾನ ನಿಲ್ದಾಣದಲ್ಲಿ ಸಿಕ್ಕಿದ್ದರೆ, ಅದು ಬ್ಯಾಗಿನಲ್ಲಿರುವುದು ತಿಳಿದೇ ಇರಲಿಲ್ಲ ಎನ್ನಲು ಅವರಿಗೆ ಬಾಯಿಯೂ ಇರುತ್ತಿರಲಿಲ್ಲ.

ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಪ್ರಕಾರ ಪರವಾನಗಿದಾರ ತೀರಿಕೊಂಡರೆ ವಾರಸುದಾರರು ತಡಮಾಡದೆ ಆಯುಧ, ಗುಂಡುಗಳನ್ನು ಹತ್ತಿರದ ಠಾಣೆಯಲ್ಲೋ ಪರವಾನಗಿ ಇರುವ ಅಂಗಡಿಯಲ್ಲೋ ಒಪ್ಪಿಸಬೇಕು. ಇವರು ಠಾಣೆಗೆ ಮೊದಲು ಅರ್ಜಿ ಕೊಟ್ಟರು. ಐದೂ ಗುಂಡುಗಳನ್ನು ಅದರಲ್ಲೇ ಬರೆದಿದ್ದೆವು. ತಾಯಿ, ಮಗ ಇಬ್ಬರೂ ಸಂಜೆವರೆಗೆ ಬೆಂಚಿನ ಮೇಲೆ ಕೂತು ಹೇಳಿಕೆ ಕೊಟ್ಟರು. ರಸೀದಿಯಲ್ಲಿ ಎರಡು ಸಾಲು: .32 ಮೂರು, 9 ಮಿ.ಮೀ. ಎರಡು. ಆ ಎರಡನೇ ಸಾಲು ಬರೆಸಿಕೊಳ್ಳಲೆಂದೇ ನಾನು ಫೋನ್ ಇಡದೆ ಕಾದಿದ್ದೆ.

ಊರಿನ ಮನೆಯಲ್ಲಿ ಇಂಥದ್ದಿದ್ದರೆ, ತಂದೆ ಇರುವಾಗಲೇ ಪರವಾನಗಿ ಪುಸ್ತಕ ತೆಗೆಸಿ ನೋಡಿ. ‘.32’ ಎಂದಷ್ಟೇ ಇದ್ದರೆ ಪಿಸ್ತೂಲೋ ರಿವಾಲ್ವರೋ ಎಂದು ಕೇಳಿಕೊಳ್ಳಿ. ಎರಡರ ಗುಂಡು ಬೇರೆ ಬೇರೆ. ಪಿಸ್ತೂಲಿನದರ ಕೊಳವೆ ಸುಮಾರು 17 ಮಿ.ಮೀ.; ರಿವಾಲ್ವರಿನ ‘ಲಾಂಗ್’ ಗುಂಡಿನದು 23ಕ್ಕೂ ಮೇಲೆ, ಬುಡದ ಅಂಚೂ ಅಗಲ.